ಎಕ್ಸ್11ರಲ್ಲಿ ವಿಂಡೋ ಮ್ಯಾನೇಜರ್ ಮತ್ತು ಕಾಂಪೋಸಿಟರ್: ಹೊಣೆಗಾರಿಕೆಯ ವಿಭಜನೆ

ಡಿಡಬ್ಲ್ಯೂಎಂ, ಐ3ಯಂಥ ಕಿರು ವಿಂಡೋ ಮ್ಯಾನೇಜರ್‌ಗಳಲ್ಲಿ ನೆರಳು, ಪಾರದರ್ಶಕತೆ, ಮಸುಕು ಇತ್ಯಾದಿ ದೃಶ್ಯ ಪರಿಣಾಮಗಳಿಲ್ಲ. ಇದನ್ನು ಕೊರತೆಯೆಂದು ಎಣಿಸುವುದು ರೂಢಿ. ಆದರೆ ಈ ಕೆಲಸವನ್ನು ಕಾಂಪೋಸಿಟರ್ ಎಂಬ ಬೇರೊಂದು ಪ್ರೋಗ್ರಾಂಗೆ ಬಿಡಲು ಎಕ್ಸ್11 ಎಂಬ ವಿಂಡೋ ವ್ಯವಸ್ಥೆಯ ರಚನೆಯೇ ಅವಕಾಶ ಕೊಟ್ಟಿದೆ, ಬಳಕೆದಾರರಿಗೆ ಅದರಿಂದ ಲಾಭವೇ ಆಗಿದೆ ಎಂಬುದು ಈ ಲೇಖನದ ಪ್ರತಿಪಾದನೆ.

1987ರ ಎಕ್ಸ್11ರಲ್ಲಿ ವಿಂಡೋಗಳು ನೇರವಾಗಿ ಪರದೆಯ ಮೇಲೆ ಮೂಡುತ್ತಿದ್ದವು. ಮುಚ್ಚಿಹೋಗಿದ್ದ ಭಾಗ ಮತ್ತೆ ತೆರೆದಾಗ ಸರ್ವರ್ ‘ಎಕ್ಸ್‌ಪೋಸ್’ ಸೂಚನೆ ಕಳುಹಿಸುತ್ತಿತ್ತು. ಆ ಭಾಗವನ್ನು ಅಪ್ಲಿಕೇಶನ್ನೇ ಮತ್ತೆ ಬಿಡಿಸಬೇಕಿತ್ತು. 2004ರ ಎಕ್ಸ್.ಆರ್ಗ್ 6.8ರೊಂದಿಗೆ ಬಂದ ಕಾಂಪೋಸಿಟ್ ವಿಸ್ತರಣೆ ವಿಂಡೋಗಳನ್ನು ಪರದೆಯಾಚೆಯ ಬಫರ್‌ಗೆ ತಿರುಗಿಸಿತು. ಯಾವ ಭಾಗ ಬದಲಾಯಿತೆಂದು ಡ್ಯಾಮೇಜ್ ವಿಸ್ತರಣೆ ತಿಳಿಸತೊಡಗಿತು. ಇವನ್ನು ಬಳಸಿ ಕೀತ್ ಪ್ಯಾಕರ್ಡ್ ಬರೆದ ಎಕ್ಸ್‌ಕಾಂಪ್‌ಎಂಜಿಆರ್ ಎಂಬ ಕಾಂಪೋಸಿಟರ್‌ನ ವಂಶದಲ್ಲಿ ಕಾಂಪ್ಟನ್, ಅದರಿಂದ 2019ರಲ್ಲಿ ಪಿಕಾಮ್ ಬಂದವು.

ವಿಭಜನೆಯಿಂದ ತೊಡಕೂ ಉಂಟು. ಐ3 ಪ್ರತಿ ವಿಂಡೋವನ್ನು ತನ್ನದೊಂದು ಚೌಕಟ್ಟಿನೊಳಗೆ ಇಡುತ್ತದೆ. ಡಿಡಬ್ಲ್ಯೂಎಂ ಹಾಗೆ ಮಾಡುವುದಿಲ್ಲ. ಅಪ್ಲಿಕೇಶನ್ ತನ್ನ ಪಾರದರ್ಶಕತೆಯ ಪ್ರಮಾಣವನ್ನು ಒಳಗಿನ ವಿಂಡೋದ ಮೇಲೆ ನಮೂದಿಸಿದರೆ, ಐ3ಯಲ್ಲಿ ಕಾಂಪೋಸಿಟರ್ ಕೈಗೆ ಸಿಗುವುದು ಹೊರಗಿನ ಚೌಕಟ್ಟು. ಮ್ಯಾನೇಜರ್ ಆ ನಮೂದನ್ನು ಚೌಕಟ್ಟಿಗೆ ದಾಟಿಸದಿದ್ದರೆ ಪರಿಣಾಮ ಕಾಣಿಸದು. ಒಳವಿಂಡೋವನ್ನೂ ನೋಡುವ ಆಯ್ಕೆ ಪಿಕಾಮ್‌ನಲ್ಲಿರುವುದು ಈ ಕಾರಣಕ್ಕೆ. ಮೆಮೊರಿಯ ಖರ್ಚೂ ಇದೆ: ಪಿಕ್ಸೆಲ್‌ಗೆ 4 ಬೈಟ್‌ನಂತೆ 1920×1080 ಗಾತ್ರದ ಒಂದು ವಿಂಡೋದ ಬಫರ್‌ಗೆ ಸುಮಾರು 8.3 ಮೆಗಾಬೈಟ್ ಬೇಕು.

ಈ ಖರ್ಚು ಸಾರ್ಥಕವೇ ಎಂಬುದು ವಿಂಡೋಗಳ ಜೋಡಣೆಯನ್ನು ಅವಲಂಬಿಸಿದೆ. ಒಂದರ ಮೇಲೊಂದು ಕೂರುವ ವಿಂಡೋಗಳಲ್ಲಿ ಯಾವುದು ಮೇಲಿದೆಯೆಂದು ನೆರಳು ಹೇಳುತ್ತದೆ. ಹೆಂಚು ಜೋಡಿಸಿದಂತೆ ಅಕ್ಕಪಕ್ಕ ಕೂರುವ ಟೈಲಿಂಗ್ ವಿನ್ಯಾಸದಲ್ಲಿ ಮೇಲು-ಕೆಳಗು ಇಲ್ಲದ್ದರಿಂದ ನೆರಳಿಗೆ ಕೆಲಸವಿಲ್ಲ. ಅಲ್ಲಿ ಬೇಕಾಗುವುದು ಕೀಲಿಮಣೆ ಯಾವ ವಿಂಡೋದ ಜೊತೆ ಮಾತನಾಡುತ್ತಿದೆ ಎಂಬ ಸುಳಿವು. ಉಳಿದ ವಿಂಡೋಗಳನ್ನು ತುಸು ಮಬ್ಬಾಗಿಸಿದರೆ ಅದು ಸಿಗುತ್ತದೆ. ಪಿಕಾಮ್‌ನಲ್ಲಿ ಇದಕ್ಕೊಂದು ಸೆಟ್ಟಿಂಗ್ ಸಾಕು. ಮೂಲ ಸಂಕೇತ 2000 ಸಾಲು ಮೀರಬಾರದೆಂಬ ಸಂಕಲ್ಪದ ಡಿಡಬ್ಲ್ಯೂಎಂನಲ್ಲಿ ಒಂದು ಸಾಲನ್ನೂ ತಿದ್ದಬೇಕಿಲ್ಲ.

ಎಕ್ಸ್11ರ ಬದಲಿಗೆ ರೂಪುಗೊಂಡ ವೇಲ್ಯಾಂಡ್‌ನಲ್ಲಿ ಓಡುವ ಸ್ವೇಯಲ್ಲಿ ಮ್ಯಾನೇಜರೂ ಕಾಂಪೋಸಿಟರೂ ಒಂದೇ ಪ್ರೋಗ್ರಾಂ. ಚೌಕಟ್ಟಿನ ತೊಡಕು ಅಲ್ಲಿ ಇಲ್ಲ. ಆದರೆ ಮಸುಕು ಬೇಕೆಂದವರು ಸ್ವೇಎಫ್‌ಎಕ್ಸ್‌ನಂಥ ಕವಲಿಗೆ ಇಡಿಯಾಗಿ ಬದಲಾಗಬೇಕು. ಕಿರಿದಾದುದನ್ನೇ ಆರಿಸಿ, ಬೇಕಾದ್ದನ್ನಷ್ಟೇ ಸೇರಿಸಿಕೊಳ್ಳುವ ಸ್ವಾತಂತ್ರ್ಯ ಎಕ್ಸ್11ರ ವಿಭಜನೆಯ ನಿಜವಾದ ಕೊಡುಗೆ. ವೇಲ್ಯಾಂಡ್ ಯೋಜನೆಗಳು ಅದನ್ನು ಉಳಿಸಿಕೊಳ್ಳುವ ದಾರಿ ಹುಡುಕಬೇಕು.