ಗೊಂಬೆ ಊರು ಯಾವಾಗ ಬರತ್ತೆ?

ಕಳೆದ ಯುಗಾದಿಗೆ ಊರಿಗೆ ಹೊರಟಿದ್ವಿ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಖಾಲಿ ಇತ್ತು, ನಾನೂ ಖುಷಿಯಲ್ಲಿದ್ದೆ. ಹಿಂದಿನ ಸೀಟಿನಿಂದ ನಾಲ್ಕು ವರ್ಷದ ಮಗಳು ಕೇಳಿದಳು, "ಅಪ್ಪಾ, ಗೊಂಬೆ ಊರು ಯಾವಾಗ ಬರತ್ತೆ?"

ನಾವಾಗಲೇ ಮದ್ದೂರಿನ ಹತ್ತಿರ ಇದ್ವಿ. ಚನ್ನಪಟ್ಟಣ ಯಾವಾಗ ಹಿಂದೆ ಹೋಯ್ತೋ ನನಗೇ ಗೊತ್ತಾಗಿರಲಿಲ್ಲ.

ನಾನು ಮಂಡ್ಯ ಕಡೆಯ ಹಳ್ಳಿಯವನು. ನಮ್ಮ ಮನೇಲಿ ಚನ್ನಪಟ್ಟಣದ ಒಂದು ಮೂರು ಗಾಲಿಯ ನಡೆಯೋ ಗಾಡಿ ಇತ್ತು. ಅದನ್ನ ಹಿಡಿದು ನಾನು ನಡೆಯೋದು ಕಲಿತೆ, ಆಮೇಲೆ ತಮ್ಮ ಕಲಿತ, ಆಮೇಲೆ ಚಿಕ್ಕಪ್ಪನ ಮಗಳು. ಗಾಲಿಯ ಕೆಂಪು ಬಣ್ಣ ಕೊನೆವರೆಗೂ ಪೂರ್ತಿ ಹೋಗಲೇ ಇಲ್ಲ. ಇವತ್ತು 'ಸಸ್ಟೇನಬಲ್ ಟಾಯ್' ಅಂತ ಆನ್‌ಲೈನ್‌ನಲ್ಲಿ ಮಾರ್ತಾರಲ್ಲ, ನಮ್ಮವ್ವನ ಲೆಕ್ಕದಲ್ಲಿ ಅದು "ಗಟ್ಟಿ ಐತೆ, ಎಸೀಬ್ಯಾಡ" ಅಷ್ಟೆ.

ಮಗಳ ಪ್ರಶ್ನೆ ತಲೇಲೇ ಉಳೀತು. ವಾಪಸ್ ಬರುವಾಗ ಹಳೇ ರಸ್ತೆ ಹಿಡಿದು ಚನ್ನಪಟ್ಟಣದಲ್ಲಿ ನಿಲ್ಲಿಸಿದೆ. ಅಂಗಡಿಯೊಂದರ ಹಿಂದೆಯೇ ಲೇತ್ ಇತ್ತು. ಅಲ್ಲಿ ವಯಸ್ಸಾದ ಯಜಮಾನರೊಬ್ಬರು ಬುಗುರಿ ಕಡೆಯುತ್ತಿದ್ದರು. ಹತ್ತು ನಿಮಿಷ ನಿಂತು ನೋಡಿದೆ. ಇಷ್ಟು ವರ್ಷ ಈ ಗೊಂಬೆಗಳನ್ನ ನೋಡಿದ್ದರೂ ಅವುಗಳ ಡಿಸೈನ್ ನನಗೆ ಅರ್ಥವಾಗಿದ್ದು ಅವತ್ತೇ.

ಮೊದಲನೆಯದು ಮರ. ಸಾಂಪ್ರದಾಯಿಕವಾಗಿ ಬಳಸೋದು ಆಲೆ ಮರ. ದಂತದ ಹಾಗೆ ಬಿಳಿ, ಎಳೆ ನುಣುಪು, ಉಳಿ ಕೊಟ್ಟರೆ ಸಲೀಸಾಗಿ ಕಡೆಯುತ್ತೆ. ಎರಡನೆಯದು ಬಣ್ಣ. ಬ್ರಷ್ ಇಲ್ಲ, ಥಿನ್ನರ್ ಇಲ್ಲ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನ ತಿರುಗೋ ಮರಕ್ಕೆ ಒತ್ತಿ ಹಿಡೀತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತೆ. ಆಮೇಲೆ ತಾಳೆಗರಿ ಒತ್ತಿದರೆ ಬಣ್ಣ ಸಮನಾಗಿ ಹರಡಿ ಹೊಳಪು ಬರುತ್ತೆ. ಮಹಾಭಾರತದ ಅರಗಿನ ಮನೆ ಕಥೆ ಕೇಳಿ ಬೆಳೆದವರಿಗೆ ಅರಗು ಅಂದ್ರೆ ಬೆಂಕಿಯೇ ನೆನಪಾಗೋದು. ಇಲ್ಲಿ ಅದೇ ಅರಗು ಹಸುಗೂಸಿನ ಗಿಲಕಿಗೆ ಹೊದಿಕೆ. ಅರಗು ಅನ್ನೋದು ಮರದ ಕೊಂಬೆಗಳ ಮೇಲೆ ಬದುಕೋ ಒಂದು ಪುಟ್ಟ ಕೀಟ ಸ್ರವಿಸುವ ಅಂಟು. ಅದಕ್ಕೆ ಅರಿಸಿನ, ನೀಲಿಯಂಥ ಗಿಡಮೂಲದ ಬಣ್ಣ ಬೆರೆಸಿದರೆ, ಮಗು ಬಾಯಿಗಿಟ್ಟುಕೊಂಡರೂ ತಾಯಿ ಗಾಬರಿಯಾಗಬೇಕಿಲ್ಲ.

ಮೂರನೆಯದು ಆಕಾರ. ಲೇತ್‌ನಲ್ಲಿ ಕಡೆದದ್ದೆಲ್ಲ ಗುಂಡಗೇ ಬರುತ್ತೆ. ಹಾಗಾಗಿ ಮೊನಚಾದ ಮೂಲೆ ಕಡಿಮೆ. ಸುರಕ್ಷತೆಯನ್ನ ಯಾರೂ ಕೊನೇಲಿ ಚೆಕ್‌ಲಿಸ್ಟ್ ಇಟ್ಟುಕೊಂಡು ಸೇರಿಸಿದ್ದಲ್ಲ. ಮರ, ಅರಗು, ಲೇತ್ ಈ ಮೂರು ಸೇರಿದಾಗಲೇ ಅದರಲ್ಲಿ ಬಹುಪಾಲು ಬಂದುಬಿಟ್ಟಿದೆ. ಆಫೀಸಿನಲ್ಲಿ ರಿಲೀಸಿನ ಹಿಂದಿನ ದಿನ ಸೆಕ್ಯುರಿಟಿ ಬಗ್ಗೆ ಯೋಚಿಸೋ ನಮ್ಮಂಥವರಿಗೆ ಇದು ಸ್ವಲ್ಪ ನಾಚಿಕೆ ತರಿಸೋ ವಿಷಯ.

ಹಾಗಂತ ಇದು ಬದಲಾಗದೇ ಉಳಿದ ಪುರಾತನ ಕಲೆ ಅಂದುಕೊಂಡರೆ ತಪ್ಪು. ಟಿಪ್ಪು ಸುಲ್ತಾನ್ ಪರ್ಷಿಯಾದಿಂದ ಕುಶಲಕರ್ಮಿಗಳನ್ನ ಕರೆಸಿದ, ಅಲ್ಲಿಂದ ಇದು ಶುರುವಾಯ್ತು ಅಂತ ಊರಿನವರು ಹೇಳ್ತಾರೆ. ಚನ್ನಪಟ್ಟಣದ ಗೊಂಬೆಗಳ ಪಿತಾಮಹ ಅಂತ ಕರೆಸಿಕೊಳ್ಳುವ ಬಾವಾಸ್ ಮಿಯಾನ್ ಜಪಾನಿನ ಗೊಂಬೆ ತಯಾರಿಕೆಯ ತಂತ್ರವನ್ನ ಇಲ್ಲಿಗೆ ತಂದು ಸ್ಥಳೀಯರಿಗೆ ಕಲಿಸಿದವರು. ಕೈಯಿಂದ ತಿರುಗಿಸುತ್ತಿದ್ದ ಲೇತ್ ಜಾಗಕ್ಕೆ ಕರೆಂಟಿನ ಲೇತ್ ಬಂತು. ಆಲೆ ಮರದ ಜೊತೆಗೆ ರಬ್ಬರ್ ಮರವೂ ಬಂತು. ನಾವು 'ನಮ್ಮ ಸಂಪ್ರದಾಯ' ಅಂತ ಹೆಮ್ಮೆ ಪಡೋದರಲ್ಲಿ ಪರ್ಷಿಯಾದ ನೆನಪಿದೆ, ಜಪಾನಿನ ಪಾಠವಿದೆ. ಹೊರಗಿನಿಂದ ಕಲಿತು, ಕಲಿತದ್ದನ್ನ ಪಕ್ಕದವರಿಗೂ ಕಲಿಸಿದ್ದರಿಂದಲೇ ಇದು ಇಷ್ಟು ದಿನ ಬದುಕಿದೆ.

ಆಮೇಲೆ ಅಗ್ಗದ ಪ್ಲಾಸ್ಟಿಕ್ ಬಂತು. ಮರದ ಗೊಂಬೆಗೆ ಬೆಲೆಯಲ್ಲಿ ಅದರ ಜೊತೆ ಪೈಪೋಟಿ ಮಾಡೋಕೆ ಆಗಲಿಲ್ಲ. 2006ರ ಹೊತ್ತಿಗೆ ಚನ್ನಪಟ್ಟಣದ ಗೊಂಬೆಗೆ ಜಿಐ ಮಾನ್ಯತೆ ಸಿಕ್ಕಿತು. ಮರುವರ್ಷವೇ ಜಗತ್ತಿಗೆ ಒಂದು ಪಾಠವಾಯ್ತು. 2007ರ ಆಗಸ್ಟಿನಲ್ಲಿ ಅಮೆರಿಕದ ಮ್ಯಾಟೆಲ್ ಕಂಪನಿ ಚೀನಾದಲ್ಲಿ ಮಾಡಿಸಿದ್ದ ಲಕ್ಷಾಂತರ ಆಟಿಕೆಗಳನ್ನ ವಾಪಸ್ ಕರೆಸಿಕೊಂಡಿತು. ಕಾರಣ, ಬಣ್ಣದಲ್ಲಿ ಸೀಸ. ಸೀಸ ಮಗುವಿನ ಬೆಳೆಯುವ ಮಿದುಳಿಗೆ ವಿಷ, ಇಷ್ಟಿದ್ದರೆ ಪರವಾಗಿಲ್ಲ ಅನ್ನೋ ಪ್ರಮಾಣವೇ ಅದಕ್ಕಿಲ್ಲ. 2009ರ ಜನವರಿಯಲ್ಲಿ ಭಾರತ ಚೀನಾದ ಆಟಿಕೆಗಳ ಆಮದನ್ನ ಆರು ತಿಂಗಳ ಮಟ್ಟಿಗೆ ನಿಷೇಧಿಸಿ, ಮಾರ್ಚಿನಲ್ಲೇ ಸಡಿಲಿಸಿತು. 2020ರಲ್ಲಿ ಆಟಿಕೆಗಳ ಆಮದು ಸುಂಕ ಶೇ. 20ರಿಂದ 60ಕ್ಕೇರಿತು. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಯ್ತು. ನೋಂದಾಯಿತ ಕುಶಲಕರ್ಮಿಗಳಿಗೆ, ಜಿಐ ಆಟಿಕೆ ಮಾಡೋ ಅಧಿಕೃತರಿಗೆ ಇದರಿಂದ ವಿನಾಯಿತಿ ಕೊಟ್ಟರು. ಸಣ್ಣ ಲೇತ್ ಇಟ್ಟುಕೊಂಡವರು ದುಬಾರಿ ಲ್ಯಾಬ್ ಪರೀಕ್ಷೆಗೆ ಎಲ್ಲಿಂದ ದುಡ್ಡು ತರ್ತಾರೆ? ಆ ವಿನಾಯಿತಿ ಬೇಕಿತ್ತು. ಆದರೆ ಗುರುತು ಇಲ್ಲದ ಕಡೆ ಯಾವ ಬಣ್ಣ, ಯಾವ ಮರ ಅಂತ ಕೇಳಿ ತಿಳಿಯೋ ಕೆಲಸ ಕೊಳ್ಳುವವರದ್ದಾಯ್ತು.

ಇಷ್ಟೆಲ್ಲ ದಾಟಿ ಬಂದ ಗೊಂಬೆಗೆ 2023ರ ಮಾರ್ಚ್ 12ರಂದು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯ್ತು. ಚನ್ನಪಟ್ಟಣಕ್ಕೆ ಬೈಪಾಸ್. ಮೂರು ಗಂಟೆ ಹಿಡಿಯುತ್ತಿದ್ದ ಮೈಸೂರು ಒಂದೂವರೆ ಗಂಟೆಗೆ ಬಂತು. ಆ ಉಳಿದ ಒಂದೂವರೆ ಗಂಟೆಯಲ್ಲಿ ಮೊದಲು ಏನಿತ್ತು? ಕಾಫಿಗೆ ನಿಲ್ಲಿಸೋದು, ಮಕ್ಕಳು ಇಳಿದು ಓಡೋದು, ಮರದ ಕುದುರೆಗೆ ಹಟ ಮಾಡೋದು, ಚೌಕಾಸಿ. ಹೆದ್ದಾರಿ ಬದಿಯ ಅಂಗಡಿಗಳು ಬದುಕಿದ್ದೇ ಅದರ ಮೇಲೆ.

ಯಜಮಾನರನ್ನ ಕೇಳಿದೆ, "ವ್ಯಾಪಾರ ಹೆಂಗಿದೆ?"

"ರಸ್ತೆ ಚೆನ್ನಾಗಾಯ್ತಲ್ಲ ಸಾರ್," ಅಂದು ನಕ್ಕರು. ಮಗ ಏನು ಮಾಡ್ತಾನೆ ಅಂದೆ. ಬಿಡದಿ ಹತ್ತಿರ ಫ್ಯಾಕ್ಟರಿಗೆ ಹೋಗ್ತಾನಂತೆ. "ತಿಂಗಳಾದ್ರೆ ಸಂಬಳ ಬರ್ತದೆ. ಇದ್ರಲ್ಲಿ ಅದು ಇಲ್ಲ. ನಾನೇ ಹೋಗಪ್ಪ ಅಂದೆ."

ಅವರ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಮ್ಮಪ್ಪನೂ ನನಗೆ ಗದ್ದೆ ಬಿಟ್ಟು ಹೋಗು ಅಂತಲೇ ಹೇಳಿದ್ದು, ನಾನೂ ಬಿಇ ಮಾಡಿ ಬಂದೆ. ಅವರ ಮಗ ಉಳಿಯಬೇಕಿತ್ತು ಅಂತ ನಾನು ಯಾವ ಬಾಯಲ್ಲಿ ಹೇಳಲಿ? ಮರ ಮತ್ತೆ ಬೆಳೆಯುತ್ತೆ, ಅರಗು ಮತ್ತೆ ಸಿಗುತ್ತೆ. ಕಡೆಯೋ ಕೈ ಆಲೆ ಮರದ ಹಾಗೆ ತಾನಾಗಿ ಚಿಗುರಲ್ಲ, ಅದಕ್ಕೆ ಸಂಬಳ ಬೇಕು. ಪರಿಸರಸ್ನೇಹಿ ಆಟಿಕೆ ಅಂತ ನಾವು ಮಾತಾಡುವಾಗ ಈ ಲೆಕ್ಕ ಬರೋದೇ ಇಲ್ಲ.

ಚೌಕಾಸಿ ಮಾಡದೆ ಎರಡು ಬುಗುರಿ, ಒಂದು ಎಳೆಯೋ ಆನೆ ತಗೊಂಡೆ. ಅದೇ ಅಂಗಡಿಯ ಮುಂದೆ ಪ್ಲಾಸ್ಟಿಕ್ ಕಾರುಗಳೂ ನೇತಾಡುತ್ತಿದ್ದವು. ಬೈಯೋಕೆ ಮನಸ್ಸಾಗಲಿಲ್ಲ, ಬಾಡಿಗೆ ಕಟ್ಟಬೇಕಲ್ಲ.

ಈ ಸಲ ಮೈಸೂರಿಗೆ ಹೋಗುವಾಗ ಒಂದೇ ಒಂದು ಸಲ ರಾಮನಗರಕ್ಕೆ ಮುಂಚೆ ಹಳೇ ರಸ್ತೆಗೆ ಇಳಿದು ನೋಡಿ. ಅಂಗಡಿಯಲ್ಲಿ ಮೂರು ಪ್ರಶ್ನೆ ಕೇಳಿ: ಯಾವ ಮರ, ಅರಗೋ ಪೇಂಟೋ, ಕಡೆದವರು ಯಾರು? ಮೂರನೆಯದಕ್ಕೆ ಉತ್ತರವಾಗಿ ಅಂಗಡಿಯವರು ಹಿಂದಿನ ಬಾಗಿಲು ತೋರಿಸಿದರೆ, ಮಕ್ಕಳನ್ನ ಕರೆದುಕೊಂಡು ಒಳಗೆ ಹೋಗಿ. ನನ್ನ ಮಗಳು ಈಗ ಬುಗುರಿ ತಿರುಗಿಸೋದು ಕಲಿತಿದ್ದಾಳೆ. ರಾಮನಗರದ ಬಂಡೆ ಕಂಡ ಕೂಡಲೇ "ಅಪ್ಪಾ, ಇಲ್ಲೇ ಇಳಿ" ಅಂತಾಳೆ.