‘ವೇವರ್’ ಶಬ್ದವೂ 1832ರ ‘ವೇವರರ್’ ಪ್ರಭುಗಳೂ

ಆಂಗ್ಲ ಭಾಷೆಯ ‘ವೇವರ್’ ಎಂಬ ಕ್ರಿಯಾಪದಕ್ಕೆ ಓಲಾಡು, ತತ್ತರಿಸು, ಮನಸ್ಸು ಹೊಯ್ದಾಡು ಎಂಬ ಅರ್ಥಗಳಿವೆ. ಕಡಲಿನ ತೆರೆಗೆ ಆ ಭಾಷೆಯಲ್ಲಿ ‘ವೇವ್’ ಎಂಬ ಹೆಸರಿರುವುದರಿಂದ, ತೆರೆಯಂತೆ ತೂಗಾಡುವುದೇ ‘ವೇವರ್’ ಎಂದು ವಿದ್ಯಾರ್ಥಿಗಳು ಊಹಿಸುವುದು ಸಹಜ. ನಮ್ಮ ‘ಅಲೆ’ಯು ತೆರೆಯೂ ಹೌದು, ಅಲೆದಾಟವೂ ಹೌದಾದುದರಿಂದ ಕನ್ನಡಿಗರಿಗೆ ಈ ಊಹೆ ಇನ್ನಷ್ಟು ಸುಲಭ. ಆದರೆ ಶಬ್ದದ ಇತಿಹಾಸ ಇದಕ್ಕೆ ಎಡೆಗೊಡುವುದಿಲ್ಲ. ‘ವೇವರ್’ 14ನೆಯ ಶತಮಾನದ ವೇಳೆಗಾಗಲೇ ಬಳಕೆಯಲ್ಲಿದ್ದಿತು. ತೆರೆ ಎಂಬರ್ಥದ ‘ವೇವ್’ ನಾಮಪದವಾದರೋ 16ನೆಯ ಶತಮಾನದ್ದು. ‘ವೇವರ್’ ಪ್ರಾಚೀನ ನಾರ್ಸ್ ಭಾಷೆಯ ‘ವಾಫ್ರ’ದ ಬಳಗಕ್ಕೆ ಸೇರಿದುದು, ಅತ್ತಿತ್ತ ಸುಳಿದಾಡು ಎಂದು ಅದರ ಅರ್ಥ. ಚಂಚಲ ಎಂಬರ್ಥದ ಜ್ಞಾತಿಶಬ್ದವೊಂದು ಹಳೆಯ ಆಂಗ್ಲದಲ್ಲಿಯೂ ಇದ್ದಿತು.

ತೆರೆಗೂ ಈ ಕ್ರಿಯಾಪದಕ್ಕೂ ನಂಟು ಗಟ್ಟಿಯಾದುದಕ್ಕೆ 1611ರ ಆಂಗ್ಲ ಬೈಬಲ್ಲು ಬಹುಮಟ್ಟಿಗೆ ಕಾರಣವೆಂದು ತೋರುತ್ತದೆ. ಯಾಕೋಬನ ಪತ್ರಿಕೆಯಲ್ಲಿ ಸಂಶಯಗ್ರಸ್ತನನ್ನು ಗಾಳಿಗೆ ಸಿಕ್ಕಿದ ತೆರೆಗೆ ಹೋಲಿಸುವಾಗ ಭಾಷಾಂತರಕಾರರು ಎರಡು ಶಬ್ದಗಳನ್ನೂ ಒಂದೇ ವಾಕ್ಯದಲ್ಲಿ ತಂದರು. ಮೂಲ ಗ್ರೀಕಿನ ‘ದಿಯಾಕ್ರಿನೊಮೆನೋಸ್’, ‘ಕ್ಲುದೋನ್’ ಎಂಬ ಪದಗಳಲ್ಲಿ ಅಂತಹ ಧ್ವನಿಸಾಮ್ಯವೇನೂ ಇಲ್ಲ.

ಹೀಗೆ ಶ್ರದ್ಧಾಹೀನತೆಯ ಛಾಯೆಯನ್ನು ಪಡೆದ ಶಬ್ದವು ಮುಂದೆ ರಾಜಕೀಯದ ಹಣೆಪಟ್ಟಿಯಾಯಿತು. 1831ರ ಅಕ್ಟೋಬರ್ 8ರಂದು ಇಂಗ್ಲೆಂಡಿನ ಪ್ರಭುಗಳ ಸಭೆ ಸುಧಾರಣಾ ಮಸೂದೆಯನ್ನು 199ಕ್ಕೆ 158 ಮತಗಳಿಂದ ತಳ್ಳಿಹಾಕಿತು. ಹಾಗೆ ವಿರೋಧಿಸಿದವರಲ್ಲಿ ಲಾರ್ಡ್ ವಾರ್ನ್‌ಕ್ಲಿಫ್ ಮತ್ತು ಲಾರ್ಡ್ ಹ್ಯಾರೋಬಿ ಮುಂದಾಳುಗಳು. ಕೆಲವೇ ವಾರಗಳಲ್ಲಿ ಇವರು ಪ್ರಧಾನಮಂತ್ರಿ ಗ್ರೇಯೊಡನೆ ಸಂಧಾನಕ್ಕೆ ತೊಡಗಿದರು. 1832ರ ಏಪ್ರಿಲ್ 14ರಂದು ಎರಡನೆಯ ವಾಚನವು 184ಕ್ಕೆ 175ರಂತೆ, ಕೇವಲ ಒಂಬತ್ತು ಮತಗಳ ಅಂತರದಿಂದ, ಗೆದ್ದುದು ಇವರ ಗುಂಪಿನ ಬೆಂಬಲದಿಂದ. ಆದರೆ ಮೇ 7ರಂದು, ಬರೋಗಳ ಹಕ್ಕು ಕಳೆಯುವ ವಿಧಿಗಳನ್ನು ಮುಂದಕ್ಕೆ ಹಾಕಬೇಕೆಂಬ ಲಿಂಡ್‌ಹರ್ಸ್ಟನ ಸೂಚನೆಗೂ ಇವರೇ ಒತ್ತಾಸೆಯಾದರು. ಗ್ರೇ ರಾಜೀನಾಮೆಯಿತ್ತನು. ಈ ಗುಂಪಿಗೆ ‘ವೇವರರ್‌ಗಳು’, ಎಂದರೆ ಹೊಯ್ದಾಡುವವರು, ಎಂಬ ಹೆಸರು ನಿಂತುಬಿಟ್ಟಿತು.

ಪಠ್ಯಪುಸ್ತಕಗಳು ಈ ಅಡ್ಡಹೆಸರನ್ನು ವಿಚಾರಿಸದೆ ಸ್ವೀಕರಿಸುತ್ತವೆ. ನನಗೆ ಅದು ನ್ಯಾಯವೆನಿಸುವುದಿಲ್ಲ. ಮಸೂದೆ ಮತ್ತೆ ಬಿದ್ದರೆ ದೊರೆ ಹೊಸ ಪ್ರಭುಗಳನ್ನು ನೇಮಿಸಿ ಸಭೆಯ ಸ್ವಾತಂತ್ರ್ಯವನ್ನೇ ಮುಳುಗಿಸಬಹುದೆಂಬ ಭೀತಿ ಇವರನ್ನು ಏಪ್ರಿಲಿನಲ್ಲಿ ಅತ್ತ ನೂಕಿತು. ಸಮಿತಿಯ ಹಂತದಲ್ಲಿ ಮಸೂದೆಯನ್ನು ತಿದ್ದಬಹುದೆಂಬ ಆಸೆ ಮೇಯಲ್ಲಿ ಇತ್ತ ಎಳೆಯಿತು. ಮತ ಎರಡು ಬಗೆಯಾದರೂ ಗುರಿ ಒಂದೇ. ಲೆಕ್ಕಾಚಾರ ತಪ್ಪಿತು ಎನ್ನಬಹುದು. ಅದು ಬೇರೆ ಮಾತು.

ಸರ್ಕಾರ ರಚಿಸಲು ವೆಲಿಂಗ್ಟನ್ನನಿಗೆ ಆಗಲಿಲ್ಲ, ಗ್ರೇ ಹಿಂದಿರುಗಿದನು, ಹೊಸ ಪ್ರಭುಗಳ ನೇಮಕಕ್ಕೆ ನಾಲ್ಕನೆಯ ವಿಲಿಯಂ ಒಪ್ಪಬೇಕಾಯಿತು. ಆಗ ಕೊನೆಯವರೆಗೂ ವಿರೋಧಿಸುವೆವೆಂದಿದ್ದ ವೆಲಿಂಗ್ಟನ್ನನ ಕಡೆಯವರಲ್ಲಿ ಹೆಚ್ಚಿನವರು ಸಭೆಗೆ ಬಾರದೆ ಉಳಿದರು. ಜೂನ್ 4ರಂದು ಮಸೂದೆ 106ಕ್ಕೆ 22 ಮತಗಳಿಂದ ಅಂಗೀಕೃತವಾಯಿತು. ಇವರಿಗೆ ಆ ಹೆಸರು ಅಂಟಲಿಲ್ಲ.