ಸಾಲ ಸತ್ತ ದಿನ: ಜೀತದಿಂದ ಗುಳೆ ಮುಂಗಡದವರೆಗೆ

ನಮ್ಮ ನೆಲದ ಚರಿತ್ರೆ | ದೇವದುರ್ಗ, ಮಾನ್ವಿ, ರಾಯಚೂರು

(1/4)
ಸುಗ್ಗಿ ಮುಗೀತು ಅಂದ್ರೆ ದೇವದುರ್ಗದ ಹಳ್ಳಿ, ತಾಂಡಾಗಳಿಂದ ಜನ ಗುಳೆ ಹೊರಡ್ತಾರೆ. ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದ್. ಹೊರಡೋ ಮುಂಚೆ ಮೇಸ್ತ್ರಿ ಕೈಗೆ ಮುಂಗಡ ಕೊಡ್ತಾನೆ. ಆ ದುಡ್ಡಲ್ಲಿ ಮದುವೆ ಸಾಲ ತೀರ್ತದೆ, ಆಸ್ಪತ್ರೆ ಖರ್ಚು ಕಳೀತದೆ. ಆದ್ರೆ ಕೆಲವರಿಗೆ ಅದೇ ದುಡ್ಡು ಕಾಲಿಗೆ ಹಗ್ಗ ಆಗ್ತದೆ. ಕೂಲಿ ಕಡಿಮೆ ಆಯ್ತು ಅಂತ ಕೇಳಿದ್ರೆ ಉತ್ತರ ಒಂದೇ: "ಮುಂಗಡ ತೀರೋ ತನಕ ಊರಿಗೆ ಹೋಗಂಗಿಲ್ಲ."

ಈ ಮಾತು ಹೊಸದಲ್ಲ. ಇದಕ್ಕೊಂದು ಹಳೇ ಹೆಸರಿದೆ. ಆ ಹೆಸರು ಭಾರತದ ಕಾನೂನಿನಲ್ಲೇ ಅಚ್ಚಾಗಿದೆ.

(2/4)
1948ರ ಸೆಪ್ಟೆಂಬರ್‌ವರೆಗೆ ನಮ್ಮದು ನಿಜಾಮರ ಹೈದರಾಬಾದ್ ಸಂಸ್ಥಾನ. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. ಸಂಸ್ಥಾನದಲ್ಲಿ ಸಾಲಕ್ಕೆ ಪ್ರತಿಯಾಗಿ ಸಾಹುಕಾರರ ಹೊಲ, ಮನೆಯಲ್ಲಿ ದುಡಿಯೋ ಆಳಿಗೆ 'ಭಗೇಲಾ' ಅಂತಿದ್ರು. ಕನ್ನಡದಲ್ಲಿ ಜೀತ. ಕೂಲಿ ಇಲ್ಲದೆ ಮಾಡಿಸಿಕೊಳ್ಳೋ ಚಾಕರಿಗೆ ವೆಟ್ಟಿ, ಅಂದ್ರೆ ನಮ್ಮ ಬಿಟ್ಟಿ. ಭಗೇಲಾ ಕರಾರುಗಳ ಮೇಲೆ ನಿಜಾಮ್ ಸರ್ಕಾರವೇ ಒಂದು ಕಾನೂನು ತಂದಿತ್ತು. ಪದ್ಧತಿ ಮಾತ್ರ ಹೋಗಲಿಲ್ಲ.

1950ರಲ್ಲಿ ಸಂವಿಧಾನ ಬಂತು. 23ನೇ ವಿಧಿ ಬಿಟ್ಟಿ ಚಾಕರಿ, ಬಲವಂತದ ದುಡಿಮೆ ಎರಡನ್ನೂ ನಿಷೇಧಿಸಿತು. ಆದ್ರೆ ಸಾಲದ ಲೆಕ್ಕವನ್ನೇ ಅಳಿಸಿ ಹಾಕೋ, ಇಡೀ ದೇಶಕ್ಕೆ ಅನ್ವಯಿಸೋ ಕಾನೂನು ಬರಲು ಇನ್ನೂ 25 ವರ್ಷ ಬೇಕಾಯ್ತು. 1975ರ ಅಕ್ಟೋಬರ್‌ನಲ್ಲಿ, ತುರ್ತು ಪರಿಸ್ಥಿತಿ ನಡುವೆ, ಸುಗ್ರೀವಾಜ್ಞೆ ಬಂತು. 1976ರ ಫೆಬ್ರವರಿಯಲ್ಲಿ ಅದು ಜೀತ ಪದ್ಧತಿ (ರದ್ದತಿ) ಕಾಯ್ದೆ ಆಯ್ತು. ಅದೇ 1975ರಲ್ಲೇ ಬಿ.ವಿ. ಕಾರಂತರ 'ಚೋಮನ ದುಡಿ' ಸಿನಿಮಾ ಬಂದದ್ದು. ಸಾಲಕ್ಕೆ ಸಿಕ್ಕ ಒಂದು ಕುಟುಂಬದ ಕಥೆಗೆ ರಾಷ್ಟ್ರಮಟ್ಟದ ಸ್ವರ್ಣಕಮಲ ಸಿಕ್ಕಿತು.

ಆ ಕಾಯ್ದೆ ತೆಗೆದು ನೋಡಿ. ದೇಶದ ಬೇರೆ ಬೇರೆ ಕಡೆ ಜೀತಕ್ಕಿದ್ದ ಹೆಸರುಗಳ ಪಟ್ಟಿ ಇದೆ. ಅದರಲ್ಲಿ ಜೀತ, ಭಗೇಲಾ, ವೆಟ್ಟಿ ಮೂರೂ ಇವೆ. ನಮ್ಮ ಅಜ್ಜ ಮುತ್ತಜ್ಜರ ಬದುಕನ್ನ ಇತಿಹಾಸದ ಪುಸ್ತಕಗಳು ಮರೆತಿರಬಹುದು, ಕಾನೂನು ಮರೆತಿಲ್ಲ.

(3/4)
ಕಾಯ್ದೆ ಹೇಳಿದ್ದೇನು? ಸರಳವಾಗಿ ನಾಲ್ಕು ಮಾತು.

ಒಂದು, ಜೀತದ ಸಾಲ ಸತ್ತಿತು. ತೀರಿಸೋ ಹೊಣೆಯೇ ಇಲ್ಲ. ಸತ್ತ ಸಾಲಕ್ಕೆ ಹಣ ವಸೂಲಿ ಮಾಡಿದ್ರೆ ಅದೂ ಅಪರಾಧ.
ಎರಡು, ಜೀತದಿಂದ ಬಿಡುಗಡೆ ಆದವರನ್ನ, ಅವರು ಇದ್ದ ಮನೆಯಿಂದ ಹೊರಗೆ ಹಾಕುವಂತಿಲ್ಲ.
ಮೂರು, ಜೀತ ಮಾಡಿಸಿದವರಿಗೆ 3 ವರ್ಷದವರೆಗೆ ಜೈಲು, 2,000 ರೂಪಾಯಿವರೆಗೆ ದಂಡ.
ನಾಲ್ಕು, ಇದು ಬಹಳ ಮುಖ್ಯ: "ಇದು ಜೀತದ ಸಾಲ" ಅಂತ ಕೂಲಿಯವರು ಹೇಳಿದ್ರೆ, ಅಲ್ಲ ಅಂತ ಸಾಬೀತು ಮಾಡೋ ಭಾರ ಸಾಲ ಕೊಟ್ಟವನ ಮೇಲೆ. ಹೆಬ್ಬೆಟ್ಟು ಒತ್ತಿದ ಕಾಗದ ಯಾರ ಪೆಟ್ಟಿಗೆಯಲ್ಲಿ ಇರ್ತದೆ ಅನ್ನೋದು ಕಾನೂನು ಬರೆದವರಿಗೆ ಗೊತ್ತಿತ್ತು.

ಹಾಗಂತ ಮುಂಗಡ ತಗೊಂಡದ್ದೆಲ್ಲ ಜೀತ ಅಲ್ಲ. ಮುಂಗಡದ ಹೆಸರಲ್ಲಿ ಕೂಲಿ ಕೊಡದೆ ಅಥವಾ ಪುಡಿಗಾಸು ಕೊಟ್ಟು ದುಡಿಸಿಕೊಂಡ್ರೆ, ಬೇರೆ ಕೆಲಸಕ್ಕೆ ಹೋಗಲು ಬಿಡದಿದ್ರೆ, ಊರಿಗೆ ಹೋಗೋದನ್ನ ತಡೆದ್ರೆ, ಆಗ ಅದು ಜೀತ. ಸರಪಳಿ, ಬೀಗ ಬೇಕಿಲ್ಲ.

1982ರಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಹೆಜ್ಜೆ ಮುಂದೆ ಹೋಯ್ತು. ದಿಲ್ಲಿಯಲ್ಲಿ ಏಷ್ಯನ್ ಗೇಮ್ಸ್‌ಗೆ ಕ್ರೀಡಾಂಗಣ ಕಟ್ಟುತ್ತಿದ್ದ ಕಾರ್ಮಿಕರ ಪ್ರಕರಣ. ಕನಿಷ್ಠ ಕೂಲಿ ದಿನಕ್ಕೆ 9.25 ರೂಪಾಯಿ. ಜಮಾದಾರರು, ಅಂದ್ರೆ ನಮ್ಮ ಮೇಸ್ತ್ರಿಗಳ ಥರದವರು, 1 ರೂಪಾಯಿ ಹಿಡಿದುಕೊಂಡು 8.25 ಕೊಡ್ತಿದ್ರು. ಕೋರ್ಟ್ ಹೇಳಿತು: ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸೋದು ಬಲವಂತದ ದುಡಿಮೆಯೇ. ಹಸಿವು, ಬಡತನ ತಳ್ಳಿದ್ರೂ ಅದು ಬಲವಂತವೇ. "ಅವರೇ ಒಪ್ಪಿ ಬಂದ್ರಲ್ಲ" ಅನ್ನೋ ಮಾಲೀಕರ ಹಳೇ ವಾದ ಅಲ್ಲಿಗೆ ಬಿತ್ತು.

(4/4)
ಹಾಗಾದ್ರೆ ಜೀತ ಯಾಕೆ ಇನ್ನೂ ಉಳಿದಿದೆ? ಜೀತ ಇದೆ ಅಂತ ಗುರುತಿಸೋ ಕೆಲಸ ಜಿಲ್ಲಾಡಳಿತದ್ದು. "ನಮ್ಮಲ್ಲಿ ಜೀತ ಇಲ್ಲ" ಅಂತ ವರದಿ ಬರೆಯೋದು ಸುಲಭ. ಪರಿಹಾರದ್ದೂ ಅದೇ ಕಥೆ. 1978ರಲ್ಲಿ ಒಬ್ಬರಿಗೆ 4,000 ರೂಪಾಯಿ ಇತ್ತು. 2016ರ ಯೋಜನೆಯಲ್ಲಿ ಗಂಡಸರಿಗೆ 1 ಲಕ್ಷ, ಹೆಂಗಸರು, ಮಕ್ಕಳಿಗೆ 2 ಲಕ್ಷ, ಅತಿ ಕ್ರೂರ ಪ್ರಕರಣಗಳಲ್ಲಿ 3 ಲಕ್ಷ ಆಯ್ತು. ಮೊತ್ತ ದೊಡ್ಡದಾಯ್ತು, ಆದ್ರೆ ಪೂರ್ತಿ ಹಣವನ್ನ ಮಾಲೀಕನಿಗೆ ಶಿಕ್ಷೆ ಆಗೋದಕ್ಕೆ ಗಂಟು ಹಾಕಿದ್ರು. ಕೇಸು ಎಳೆದಷ್ಟೂ ಬಿಡುಗಡೆಯಾದವರು ಮತ್ತೆ ಸಾಲದ ಬಾಗಿಲಿಗೇ ಹೋಗಬೇಕಾಗ್ತದೆ.

ಅದಕ್ಕೇ ಈ ಚರಿತ್ರೆ ಗೊತ್ತಿರಬೇಕು. ನಿಮ್ಮ ಮನೆಯಿಂದ ಯಾರಾದ್ರೂ ಗುಳೆ ಹೊರಟಿದ್ರೆ ಇಷ್ಟು ಹೇಳಿ ಕಳಿಸಿ: ಎಷ್ಟು ಮುಂಗಡ, ಯಾವ ತಾರೀಖು, ಯಾರು ಕೊಟ್ರು, ಎಷ್ಟು ದಿನ ದುಡಿದ್ರಿ, ಎಷ್ಟು ಕೈಗೆ ಬಂತು, ಇವನ್ನೆಲ್ಲ ಬರೆದಿಡ್ರಿ. ಫೋನ್‌ಪೇ ಮೆಸೇಜು ಅಳಿಸಬೇಡ್ರಿ. ಕೆಲಸದ ಜಾಗದ ವಿಳಾಸ ಮನೆಗೆ ಕಳಿಸ್ರಿ. ತಡೆದು ಇಟ್ಕೊಂಡ್ರೆ ಆ ಜಾಗದ ಜಿಲ್ಲಾಧಿಕಾರಿ ಅಥವಾ ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಿ. ಬಿಡುಗಡೆ ಆದ ಮೇಲೆ ಬಿಡುಗಡೆ ಪತ್ರ ಇಲ್ಲದೆ ವಾಪಸ್ ಬರಬೇಡಿ, ಮುಂದಿನದೆಲ್ಲ ಆ ಕಾಗದದ ಮೇಲೇ ನಿಂತಿದೆ. ಬಿಟ್ಟಿ ಚಾಕರಿಗೆ ಸಿಕ್ಕವರಿಗೆ, ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಕೀಲರು ಉಚಿತ. 1987ರ ಕಾಯ್ದೆಯಲ್ಲೇ ಹಾಗಂತ ಬರೆದಿದೆ.

ಮುಂಗಡ ತಗೊಂಡವರು ದುಡ್ಡಿಗೆ ಬದಲಾಗಿ ಕೊಡಬೇಕಾದದ್ದು ದುಡಿಮೆ ಮಾತ್ರ. ಊರಿಗೆ ಬರೋ ಹಕ್ಕನ್ನ ಯಾರೂ ಅಡ ಇಟ್ಟುಕೊಳ್ಳುವಂತಿಲ್ಲ.

ನಿಮ್ಮ ಊರಲ್ಲಿ ಜೀತಕ್ಕೆ ಏನಂತಿದ್ರು? ಮನೆಯ ಹಿರಿಯರನ್ನ ಕೇಳಿ ಕಮೆಂಟಲ್ಲಿ ಬರೀರಿ. ಗುಳೆ ಹೊರಟವರಿಗೆ ಇದನ್ನ ಕಳಿಸ್ರಿ.

#ದೇವದುರ್ಗ #ಮಾನ್ವಿ #ರಾಯಚೂರು #ನಮ್ಮನೆಲದಚರಿತ್ರೆ #ಗುಳೆ #ಜೀತವಿಮುಕ್ತಿ